ತಾಳ ತಪ್ಪದ ಆಂದೋಲಕ

ಹಳೆಯ ಟಿ.ವಿ.ಗಳಲ್ಲಿ 'ಹೋಲ್ಡ್' ಎಂಬ ಗುಂಡಿ ಇರುತ್ತಿತ್ತು. ಚಿತ್ರ ಓರೆಯಾಗಿ ಹರಿದುಹೋದಾಗ ಯಾರಾದರೂ ಎದ್ದು ಅದನ್ನು ತಿರುಗಿಸಬೇಕಿತ್ತು. ಅದರ ಹಿಂದಿದ್ದ ಪ್ರಶ್ನೆ ಟಿ.ವಿ.ಗಿಂತ ಬಹಳ ಹಳೆಯದು: ಎರಡು ಆಂದೋಲಕಗಳನ್ನು ಒಂದೇ ತಾಳಕ್ಕೆ ತರುವುದು ಹೇಗೆ?

1665ರಲ್ಲಿ ಡಚ್ ವಿಜ್ಞಾನಿ ಕ್ರಿಶ್ಚಿಯನ್ ಹೈಗೆನ್ಸ್ ಕಾಯಿಲೆಯಿಂದ ಮಲಗಿದ್ದಾಗ, ಒಂದೇ ಆಧಾರಕ್ಕೆ ತೂಗುಹಾಕಿದ್ದ ಎರಡು ಲೋಲಕ ಗಡಿಯಾರಗಳನ್ನು ಗಮನಿಸಿದ. ಲೋಲಕಗಳು ಪರಸ್ಪರ ಎದುರು ದಿಕ್ಕಿನಲ್ಲಿ, ಒಂದೇ ಲಯದಲ್ಲಿ ತೂಗುತ್ತಿದ್ದವು. ಲಯ ಕೆಡಿಸಿದರೂ ಅರ್ಧ ಗಂಟೆಯೊಳಗೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಆಧಾರದ ಸೂಕ್ಷ್ಮ ಅಲುಗಾಟವೇ ಅವುಗಳ ನಡುವಿನ ಸಂದೇಶವಾಹಕ.

ವಿದ್ಯುನ್ಮಂಡಲಗಳಲ್ಲಿ ಇದೇ ಕೆಲಸವನ್ನು ಉದ್ದೇಶಪೂರ್ವಕವಾಗಿ ಮಾಡಿಸುವ ಯೋಜನೆಯನ್ನು 1932ರಲ್ಲಿ ಫ್ರಾನ್ಸಿನ ಹೆನ್ರಿ ದ ಬೆಲ್ಸಿಜ್ ಪ್ರಕಟಿಸಿದ. ಬರುವ ರೇಡಿಯೋ ಅಲೆಯನ್ನು ಗ್ರಾಹಕದ ಆಂದೋಲಕದೊಡನೆ ಹೋಲಿಸುವುದು, ಕಂಡ ವ್ಯತ್ಯಾಸದಿಂದಲೇ ಆಂದೋಲಕವನ್ನು ತಿದ್ದುವುದು. ಉಪಾಯ ಚೆನ್ನಾಗಿತ್ತು; ಆದರೆ ಕವಾಟಗಳ ಕಾಲದಲ್ಲಿ ಅದು ದುಬಾರಿ.

ಅದರ ಅಗತ್ಯ ತೀವ್ರವಾದದ್ದು ಟಿ.ವಿ.ಯಲ್ಲಿ. ಸ್ಟುಡಿಯೋದ ಕ್ಯಾಮೆರಾಗಳೆಲ್ಲ ಒಂದೇ ಸಿಂಕ್ ಜನರೇಟರಿನ ಮಾತು ಕೇಳುತ್ತವೆ. ವೀಕ್ಷಕರ ಮನೆಯವರೆಗೆ ಅಂಥ ತಂತಿ ಎಳೆಯಲಾದೀತೆ? ನಮ್ಮ 625 ಗೆರೆಗಳ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಗೆರೆಗಳು. ಪ್ರತಿ ಗೆರೆಗೂ 64 ಮೈಕ್ರೋಸೆಕೆಂಡು. ಪ್ರತಿ ಗೆರೆಯ ಜೊತೆ ಒಂದು ಸಿಂಕ್ ಸ್ಪಂದ ಬರುತ್ತಿತ್ತು. ಮೊದಮೊದಲ ಟಿ.ವಿ.ಗಳಲ್ಲಿ ಆಂದೋಲಕ ಪ್ರತಿ ಸ್ಪಂದಕ್ಕೂ ನೇರವಾಗಿ ಓಗೊಡುತ್ತಿತ್ತು. ರಸ್ತೆಯಲ್ಲಿ ಹೋದ ಮೋಟಾರಿನ ಕಿಡಿಯನ್ನೂ ಸ್ಪಂದವೆಂದೇ ನಂಬುತ್ತಿತ್ತು! ಸಂಕೇತ ಕ್ಷೀಣವಾಗಿದ್ದ ದೂರದ ಊರುಗಳಲ್ಲಂತೂ ಚಿತ್ರ ನಿಲ್ಲುವುದೇ ಕಷ್ಟ.

1943ರಲ್ಲಿ ಅಮೆರಿಕದ ಆರ್.ಸಿ.ಎ. ಸಂಸ್ಥೆಯ ವೆಂಡ್ಟ್ ಮತ್ತು ಫ್ರೆಡೆಂಡಾಲ್ ಉತ್ತಮ ದಾರಿ ತೋರಿಸಿದರು. ಒಂದೊಂದು ಸ್ಪಂದಕ್ಕೂ ಬೆದರದೆ, ಅನೇಕ ಗೆರೆಗಳ ವ್ಯತ್ಯಾಸದ ಸರಾಸರಿ ತೆಗೆದು, ಆ ವೋಲ್ಟೇಜಿನಿಂದ ಆಂದೋಲಕವನ್ನು ಮೆಲ್ಲಗೆ ತಿದ್ದುವುದು. ಸಭೆಯಲ್ಲಿ ಯಾರೋ ಕೆಮ್ಮಿದರೆ ಮೃದಂಗದವರು ತಾಳ ತಪ್ಪುತ್ತಾರೆಯೆ? ಹಾಗೆ.

ಇದಕ್ಕೂ ಬೆಲೆಯುಂಟು. ಸರಾಸರಿ ದೀರ್ಘವಾದಷ್ಟೂ ಗದ್ದಲದ ಕಾಟ ಕಡಿಮೆ. ಆದರೆ ದೂರ ಸರಿದ ಆವೃತ್ತಿಯನ್ನು ಮರಳಿ ಹಿಡಿಯುವುದು ನಿಧಾನ, ಕೆಲವೊಮ್ಮೆ ಅಸಾಧ್ಯ. ಮಂಡಲ ಹಿಡಿಯಬಲ್ಲಷ್ಟು ಹತ್ತಿರಕ್ಕೆ ಆಂದೋಲಕವನ್ನು ತಂದುಕೊಡುವುದೇ ಹೋಲ್ಡ್ ಗುಂಡಿಯ ಕೆಲಸವಾಗಿತ್ತು. ಈ ಕೊಡು-ಕೊಳ್ಳುವಿಕೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪಠ್ಯಪುಸ್ತಕದ ಸಮೀಕರಣಗಳ ಜೀವ ಅಲ್ಲಿದೆ.

ಬಣ್ಣದ ಪ್ರಸಾರ 1982ರಲ್ಲಿ ಭಾರತಕ್ಕೆ ಬಂದಾಗ ಇನ್ನೂ ಕಠಿಣ ಪರೀಕ್ಷೆ. ಸುಮಾರು 4.43 ಮೆಗಾಹರ್ಟ್ಸ್‌ನ ಸ್ಫಟಿಕ ಆಂದೋಲಕವನ್ನು, ಗೆರೆಗೆ ಹತ್ತೇ ಆವರ್ತಗಳಷ್ಟು ಬರುತ್ತಿದ್ದ 'ಬರ್ಸ್ಟ್' ನೋಡಿ ಸರಿಯಾಗಿ ನಡೆಸಬೇಕಿತ್ತು. ಆ ವೇಳೆಗೆ ಇಡೀ ಮಂಡಲ ಒಂದು ಚಿಪ್ಪಿನೊಳಗೆ ಸೇರಿತ್ತು. 'ಫೇಸ್ ಲಾಕ್ಡ್ ಲೂಪ್' ಎಂಬ ಹೆಸರಿನಲ್ಲಿ ಅದು ಇಂದು ನಿಮ್ಮ ಮೊಬೈಲ್ ಫೋನಿನಲ್ಲೂ ಇದೆ. ನೀವು ಬಸ್ಸಿನಲ್ಲಿ ಊರು ದಾಟುವಾಗ ಒಂದು ಗೋಪುರದ ಆವೃತ್ತಿಯಿಂದ ಇನ್ನೊಂದಕ್ಕೆ ಹೊರಳುವುದು ಅದರ ನೆರವಿನಿಂದಲೇ.