ದಾದಿಗೆ ಸೂಜಿ ಚುಚ್ಚಿದರೆ ಖರ್ಚು ಯಾರದು?

ಗಾಯಾಳುಗಳನ್ನು ಉಪಚರಿಸುವವರಿಗೇ ಗಾಯವಾದರೆ ಅದರ ವೆಚ್ಚವನ್ನು ಯಾರು ಭರಿಸಬೇಕು? ನನ್ನ ವಿದ್ಯಾರ್ಥಿನಿಯರಲ್ಲಿ ಹಲವರು ದಾದಿಯರಾದ್ದರಿಂದ ಈ ಪ್ರಶ್ನೆಯ ಇತಿಹಾಸವನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ.

1923ರ ಕಾರ್ಮಿಕರ ಪರಿಹಾರ ಕಾಯಿದೆ ಮೊದಲ ಮೆಟ್ಟಿಲು. ಕೆಲಸದಲ್ಲಿ ಸಾವು ಸಂಭವಿಸಿದರೆ, ಅಂಗ ಊನವಾದರೆ ಮಾಲೀಕನು ಪರಿಹಾರ ಕೊಡಬೇಕೆಂದು ಅದು ವಿಧಿಸಿತು. ಆದರೆ ಕಳೆದುಹೋದ ದುಡಿಮೆಗೆ ಬೆಲೆ ಕಟ್ಟಿತೇ ಹೊರತು ಚಿಕಿತ್ಸೆಯ ವೆಚ್ಚವನ್ನು ಮಾಲೀಕನ ಮೇಲೆ ಹೊರಿಸಲಿಲ್ಲ.

ಬಿ.ಪಿ. ಅದಾರ್ಕರ್ ಅವರ 1944ರ ವರದಿಯ ಫಲವಾಗಿ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂದಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಆರಂಭವಾಯಿತು. ಚಿಕಿತ್ಸೆಯೂ, ದುಡಿಯಲಾಗದ ದಿನಗಳಿಗೆ ನಗದೂ ಅದರಲ್ಲಿ ಒಟ್ಟಿಗೆ ದೊರೆತವು. ಆದರೆ ಅದಕ್ಕೆ ವೇತನದ ಗಡಿಯುಂಟು. 2017ರಲ್ಲಿ ಆ ಗಡಿ ತಿಂಗಳಿಗೆ 21,000 ರೂಪಾಯಿಗೆ ಏರಿತು. ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ ಸೇರಿದ ದಾದಿ ಹೊರಗುಳಿದಳು.

ಆಸ್ಪತ್ರೆಯ ಗಾಯದ ಸ್ವರೂಪವೇ ಬೇರೆ. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 30ರವರೆಗೂ ಇರಬಹುದು. ಎಚ್‌ಐವಿ ತಡೆಯಲು 72 ಗಂಟೆಯೊಳಗೆ ಔಷಧ ಆರಂಭಿಸಿ 28 ದಿನ ಸೇವಿಸಬೇಕು. ರಕ್ತಪರೀಕ್ಷೆಗಳು ತಿಂಗಳುಗಟ್ಟಲೆ ನಡೆಯುತ್ತವೆ. ರೋಗ ಬಂದರೆ ಅದನ್ನು ವೃತ್ತಿರೋಗವೆಂದು ಕಾಯಿದೆಯ ಪಟ್ಟಿ ಒಪ್ಪುತ್ತಿತ್ತು. ರೋಗ ಬಾರದಂತೆ ಮಾಡಿದ ಖರ್ಚಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

2009ರ ತಿದ್ದುಪಡಿ ಈ ಕೊರತೆಯನ್ನು ನೀಗಿಸಿತು. ‘ಕಾರ್ಮಿಕ’ ಎಂಬ ಪದ ‘ನೌಕರ’ ಎಂದಾಯಿತು. ಕೆಲಸದ ಗಾಯಕ್ಕೆ ತಗಲಿದ ವಾಸ್ತವಿಕ ವೈದ್ಯಕೀಯ ವೆಚ್ಚವನ್ನು ಮಾಲೀಕನೇ ಮರುಪಾವತಿಸಬೇಕೆಂಬ ನಿಯಮ ಸೇರಿತು. ಇಷ್ಟಕ್ಕೆ 86 ವರ್ಷ ಬೇಕಾಯಿತು! 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಹೊಣೆಯನ್ನು ಉಳಿಸಿಕೊಂಡಿದೆ.

ನಡುವೆ 2020ರಲ್ಲಿ ಕೊರೋನಾ ಬಂದಾಗ ಕೇಂದ್ರ ಸರ್ಕಾರ ಆಶಾ ಕಾರ್ಯಕರ್ತೆಯರೂ ಸೇರಿದಂತೆ ಸುಮಾರು 22 ಲಕ್ಷ ಆರೋಗ್ಯ ಸಿಬ್ಬಂದಿಗೆ ತಲಾ 50 ಲಕ್ಷ ರೂಪಾಯಿಗಳ ವಿಮೆ ಘೋಷಿಸಿತು. ಶ್ಲಾಘನೀಯ ಕ್ರಮವೇ. ಆದರೆ ಆ ಹಣ ದೊರೆಯುತ್ತಿದ್ದುದು ಮರಣಕ್ಕೆ. ಕಾಯಿಲೆ ಬಿದ್ದು ಬದುಕುಳಿದವರ ಆಸ್ಪತ್ರೆಯ ಬಿಲ್ಲಿಗಲ್ಲ. ಸತ್ತವರ ಮನೆಯವರಿಗೆ ನೆರವಾಗುವುದು ಕರ್ತವ್ಯ. ಬದುಕಿರುವವರ ಚಿಕಿತ್ಸೆಗೆ ನೆರವಾಗುವುದೂ ಅಷ್ಟೇ ಕರ್ತವ್ಯವೆಂದು ನನ್ನ ಅಭಿಪ್ರಾಯ.

ಕಾನೂನು ಕೊಟ್ಟ ಹಕ್ಕು ಕೈಗೆ ಬರಬೇಕಾದರೆ ದಾಖಲೆ ಬೇಕು. ಆದುದರಿಂದ ಆಸ್ಪತ್ರೆಗಳಲ್ಲಿ ದುಡಿಯುವ ನನ್ನ ಶಿಷ್ಯೆಯರಿಗೆ ಒಂದೇ ಮಾತು: ಸೂಜಿ ಚುಚ್ಚಿದ್ದು ಎಷ್ಟೇ ಸಣ್ಣದಿರಲಿ, ಅಂದೇ ಬರೆದು ಕೊಡಿ, ಪ್ರತಿಯನ್ನು ಇಟ್ಟುಕೊಳ್ಳಿ.