ಹಳ್ಳದ ನೀರಿಗೂ ಬೇಕು ಲೆಕ್ಕ

ಕಾವೇರಿ ವಿವಾದದ ಸುದ್ದಿ ಓದುವವರಿಗೆ ಬಿಳಿಗುಂಡ್ಲು ಪರಿಚಿತ ಹೆಸರು. ಸುಪ್ರೀಂ ಕೋರ್ಟಿನ 2018ರ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ ತಮಿಳುನಾಡಿಗೆ ಹರಿಯಬೇಕಾದ 177.25 ಟಿಎಂಸಿ ಅಡಿ ನೀರನ್ನು ಅಳೆಯುವುದು ಅಲ್ಲಿ. ಯಳಂದೂರಿನ ಮೂಲಕ ಹರಿದು ಕೊಳ್ಳೇಗಾಲ ಸೀಮೆಯಲ್ಲಿ ಕಾವೇರಿ ಸೇರುವ ಸುವರ್ಣಾವತಿಯ ನೀರೂ ಆ ಲೆಕ್ಕದಲ್ಲಿದೆ. ಆದರೆ ಬಿಳಿಗಿರಿಯಿಂದಲೋ ಹನೂರಿನ ಗುಡ್ಡಗಳಿಂದಲೋ ಇಳಿಯುವ ಒಂದೊಂದು ಹಳ್ಳದ ಪಾಲೆಷ್ಟು? ನದಿಯ ಲೆಕ್ಕದಿಂದ ಅದು ತಿಳಿಯದು.

ಮೈಸೂರು ಮತ್ತು ಮದರಾಸು ನೀರಿನ ಮೊದಲ ಒಪ್ಪಂದಕ್ಕೆ ಬಂದದ್ದು 1892ರಲ್ಲಿ. ಆಗ ಯಳಂದೂರು ಮೈಸೂರಿಗೆ, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಹೊಳೆ ಒಂದೇ, ಸರ್ಕಾರ ಎರಡು. ಇವು ಒಂದೇ ರಾಜ್ಯಕ್ಕೆ ಬಂದದ್ದು 1956ರಲ್ಲಿ. ಅದೇ 1892ರಲ್ಲಿ ಸ್ಟ್ರೇಂಜ್ ಎಂಬ ಎಂಜಿನಿಯರು, ಮಳೆ ಇಷ್ಟಾದರೆ ಹರಿವು ಇಷ್ಟು ಎಂದು ಅಂದಾಜಿಸುವ ಕೋಷ್ಟಕ ರೂಪಿಸಿದರು. ಎಂಜಿನಿಯರಿಂಗ್ ಪಠ್ಯಗಳಲ್ಲಿ ಅದು ಇಂದಿಗೂ ಉಳಿದಿದೆ.

ಅಂದಾಜನ್ನು ಬಿಟ್ಟು ಅಳೆಯಲು ಹೊರಟರೆ ತೊಡಕು ಬೇರೆ. ಹಿಂಗಾರಿನ ರಾತ್ರಿ ಉಕ್ಕಿದ ಹಳ್ಳ ಬೆಳಗಾಗುವುದರೊಳಗೆ ಇಳಿದಿರುತ್ತದೆ. ತುಂಬಿ ಹರಿಯುವಾಗ ಕರೆಂಟ್ ಮೀಟರ್ ಹಿಡಿದು ಇಳಿಯುವುದು ಪ್ರಾಣಕ್ಕೆ ಸಂಚಕಾರ.

ಕ್ಯಾಮೆರಾ ನೆರವಾಗುವುದು ಇಲ್ಲಿಯೇ. ಜಪಾನಿನ ಇಚಿರೊ ಫುಜಿತಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಲೇಖನ ಈ ವಿಧಾನಕ್ಕೆ ಬುನಾದಿಯಾಯಿತು. ದಡದ ಕ್ಯಾಮೆರಾ ಹರಿವಿನ ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯುತ್ತದೆ. ನೊರೆ, ತರಗೆಲೆ, ಸುಳಿಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಸರಿದವು ಎಂಬುದನ್ನು ಕಂಪ್ಯೂಟರ್ ಗುರುತಿಸಿ ಮೇಲ್ಮೈ ವೇಗ ಕಂಡುಹಿಡಿಯುತ್ತದೆ. ತಳದಲ್ಲಿ ನೀರು ನಿಧಾನ. ಆದ್ದರಿಂದ ಆ ವೇಗವನ್ನು ಸಾಮಾನ್ಯವಾಗಿ 0.85ರಿಂದ ಗುಣಿಸಿ, ಹಳ್ಳದ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಅನ್ವಯಿಸುತ್ತಾರೆ.

ಉದಾಹರಣೆಗೆ, 4 ಮೀಟರ್ ಅಗಲ, ಸರಾಸರಿ ಅರ್ಧ ಮೀಟರ್ ಆಳದ ಹಳ್ಳದ ಮೇಲ್ಮೈ ವೇಗ ಸೆಕೆಂಡಿಗೆ 1 ಮೀಟರ್ ಎನ್ನೋಣ. ಹರಿವು ಸುಮಾರು 60 ಕ್ಯುಸೆಕ್. ಆರು ಗಂಟೆ ಹೀಗೆ ಹರಿದರೆ 3.6 ಕೋಟಿ ಲೀಟರಿಗೂ ಹೆಚ್ಚು ನೀರು! ಯಾರೂ ನೋಡದೆ ಹರಿದುಹೋಗುವ ಸಂಪತ್ತಿದು.

ಕ್ಯಾಮೆರಾಕ್ಕೂ ಮಿತಿಗಳಿವೆ. ಕತ್ತಲಲ್ಲಿ ದೀಪ ಬೇಕು. ಗಾಳಿ ಬೀಸಿದರೆ ಲೆಕ್ಕ ತಪ್ಪಬಹುದು. ಪ್ರವಾಹ ತಳವನ್ನು ಕೊರೆದರೆ ಆಳವನ್ನು ಮತ್ತೆ ಅಳೆಯಬೇಕು.

ಒಂದು ಕಾಲಕ್ಕೆ ಕೆರೆಯ ನೀರನ್ನು ನೀರಗಂಟಿ ಕಣ್ಣಳತೆಯಲ್ಲೇ ಹಂಚುತ್ತಿದ್ದ. ಆದರೆ ಹಳ್ಳಕ್ಕೆ ತಡೆಅಣೆ ಕಟ್ಟಲು, ಕೆರೆಗೆ ಕೋಡಿ ಇಡಲು ಕಣ್ಣಳತೆ ಸಾಲದು. ಹರಿವು ಗೊತ್ತಿಲ್ಲದೆ ಕಟ್ಟಿದ ಅಣೆ ತುಂಬದೆ ಒಣಗಬಹುದು, ಇಲ್ಲವೇ ಮೊದಲ ಪ್ರವಾಹಕ್ಕೇ ಕೊಚ್ಚಿಹೋಗಬಹುದು. ನಷ್ಟ ಮಾತ್ರ ರೈತನದು.