ನೆತ್ತಿಗೆ ತಂಪು, ಬುಡಕ್ಕೆ ಭರವಸೆ

ಧಾರವಾಡದಿಂದ ಅಳ್ನಾವರದ ಕಡೆ ಹೊರಟ ರೈಲು ಕ್ಯಾರಕೊಪ್ಪ ದಾಟಿ ಮುಗದ ಮುಟ್ಟುವಷ್ಟರಲ್ಲಿ ಎರೆಹೊಲ ಹಿಂದೆ ಸರಿದು ಭತ್ತದ ಗದ್ದೆ ಎದುರಾಗುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತ ಸಂಶೋಧನಾ ಕೇಂದ್ರ ಇರುವುದು ಇಲ್ಲೇ; ‘ಮುಗದ ಸುಗಂಧ’ ಎಂಬ ತಳಿಗೆ ಊರಿನದೇ ಹೆಸರು. ಭತ್ತ ಬೆಳೆಯುವವರು ಕಿತ್ತು ಬದುವಿಗೆ ಎಸೆಯುವ ಕಳೆಗಳಲ್ಲಿ ಗರಗದ ಸೊಪ್ಪೂ ಒಂದು. ಪುಟ್ಟ ಬಿಳಿ ಹೂ, ಹಿಸುಕಿದರೆ ಬೆರಳಿಗೆ ಕಪ್ಪು ಹಿಡಿಸುವ ರಸ. ಅದೇ ಸೊಪ್ಪು ಧಾರವಾಡದ ಅಂಗಡಿಯಲ್ಲಿ ಭೃಂಗರಾಜ ಎಂಬ ಹೆಸರಿನಲ್ಲಿ ಬಾಟಲಿಯೊಳಗೆ ಕೂತು, ಕೂದಲು ಸೊಂಪಾಗಿ ಬೆಳೆಸುವ ಮಾತಾಡುತ್ತದೆ. ಬದುವಿನಿಂದ ಬಾಟಲಿಗೆ ಬರುವ ಹಾದಿಯಲ್ಲಿ ತಲೆಗೆಣ್ಣೆಯ ಕೆಲಸವೇ ಬದಲಾಗಿದೆ.

ಮುಗದದ ಪೂರ್ವಕ್ಕಿರುವ ಬೆಳವಲದಲ್ಲಿ ಎಣ್ಣೆ ಎಂದರೆ ಕುಸುಬಿ, ಎಳ್ಳು, ಗುರೆಳ್ಳು, ಔಡಲ. ಅಣ್ಣಿಗೇರಿಯ ಸಂಶೋಧನಾ ಕೇಂದ್ರದ ‘ಎ-1’ ಕುಸುಬಿ ತಳಿ ಎಷ್ಟೋ ವರ್ಷ ಈ ಭಾಗದ ಹೊಲ ತುಂಬಿತ್ತು. ಅಡುಗೆಗೆ ಯಾವ ಎಣ್ಣೆಯೋ ತಲೆಗೂ ಹೆಚ್ಚುಕಡಿಮೆ ಅದೇ. ಔಡಲ ಮಾತ್ರ ಬೇರೆ: ಕೂಸಿನ ನೆತ್ತಿಗೆ, ಕಣ್ಣುರಿಗೆ, ನಿದ್ದೆ ಬಾರದವರ ಅಂಗಾಲಿಗೆ. ಹಿರಿಯರು ನೆತ್ತಿಗೆ ಎಣ್ಣಿ ಬಡಿಯುವಾಗ ಹೇಳುತ್ತಿದ್ದ ಮಾತು ‘ತಂಪು’. ನರಕ ಚತುರ್ದಶಿಯ ನಸುಕಿನಲ್ಲಿ ಎಣ್ಣಿ ಹಚ್ಚಿ ಎರಕೊಳ್ಳುವುದೂ ಕೂದಲ ಉದ್ದಕ್ಕಾಗಿ ಅಲ್ಲ.

ಹಾಗೆಂದು ಉದ್ದ ಕೂದಲಿನ ಆಸೆಯನ್ನು ಕಂಪನಿಗಳೇ ಹುಟ್ಟಿಸಿದವು ಎನ್ನಲಾಗದು. ಚರಕ ಸಂಹಿತೆಯ ಸೂತ್ರಸ್ಥಾನ ದಿನಚರಿ ಹೇಳುವಾಗಲೇ, ನಿತ್ಯ ತಲೆಗೆ ಎಣ್ಣೆ ಹಚ್ಚುವವರ ಕೂದಲು ಉದುರದು, ನರೆಯದು, ಗಟ್ಟಿ ಬುಡ ಹಿಡಿದು ಉದ್ದವಾಗುತ್ತದೆ ಎನ್ನುತ್ತದೆ. ಆದರೆ ಅದೇ ಉಸಿರಿನಲ್ಲಿ ತಲೆನೋವು ಬಾರದಿರುವುದು, ಸುಖನಿದ್ದೆ, ಮುಖದ ಕಳೆ ಎಲ್ಲವೂ ಬರುತ್ತವೆ. ಮಾರುಕಟ್ಟೆ ಕೂದಲಿನ ಸಾಲನ್ನಷ್ಟೇ ಉಳಿಸಿಕೊಂಡಿತು. ನಮ್ಮ ನಾಡಿನಲ್ಲೇ ಹುಟ್ಟಿದ ಎರಡು ಗ್ರಂಥಗಳಿಗೆ ಎಣ್ಣೆಯ ಸೊಗಸು ಇನ್ನೊಂದು ಬಗೆಯದು. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಬೇಸಾಯ, ಅಡುಗೆ, ಪಶುವೈದ್ಯದ ಜೊತೆ ಸುಗಂಧ ದ್ರವ್ಯಗಳಿಗೂ ಜಾಗವಿದೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಸ್ನಾನವನ್ನು ಅರಸನ ಭೋಗಗಳಲ್ಲೊಂದಾಗಿ ಎಣಿಸಿ, ಹೂವಿನ ಕಂಪು ಹಿಡಿಸಿದ ಎಳ್ಳೆಣ್ಣೆಯ ಅಭ್ಯಂಗವನ್ನು ವರ್ಣಿಸುತ್ತದೆ. ಅಲ್ಲಿ ಎಣ್ಣೆ ಮದ್ದಾಗುವ ಮೊದಲು ಸುಖ.

ಎಣ್ಣೆ ಕಾಸುವ ಕ್ರಮ ಮಾತ್ರ ಗ್ರಂಥದಿಂದ ಅಡುಗೆಮನೆಯವರೆಗೆ ಹೆಚ್ಚು ಬದಲಾಗಿಲ್ಲ. ಶಾರ್ಙ್ಗಧರ ಸಂಹಿತೆಯ ಲೆಕ್ಕದಲ್ಲಿ ಅರೆದ ಮೂಲಿಕೆ 1 ಪಾಲು, ಎಣ್ಣೆ 4 ಪಾಲು, ರಸ ಅಥವಾ ಕಷಾಯ 16 ಪಾಲು. ನೀರೆಲ್ಲ ಆರುವವರೆಗೆ ಸಣ್ಣ ಉರಿಯಲ್ಲಿ ಕಾಸಬೇಕು. ಮೂಲಿಕೆಯ ಚರಟ ತೆಗೆದು ಬೆಂಕಿಗೆ ಹಾಕಿದರೆ ಚಟಪಟ ಎನ್ನಬಾರದು. ಮನೆಯಲ್ಲಿ ಗರಗದ ಸೊಪ್ಪು, ಕರಿಬೇವು, ದಾಸವಾಳ, ಮೆಂತ್ಯ ಹಾಕಿ ಕಾಸುವ ಅಜ್ಜಿಯಂದಿರು ಸಂಹಿತೆ ಓದಿದವರಲ್ಲ. ಆದರೂ ಸದ್ದು ನಿಂತ ಮೇಲೇ ಒಲೆಯಿಂದ ಇಳಿಸುತ್ತಾರೆ. ಕಾರಣ ಸರಳ: ನೀರು ಉಳಿದ ಎಣ್ಣೆ ಕೆಡುತ್ತದೆ.

ಬೆಳವಲದ ತಲೆಗಳಿಗೆ ಕೊಬ್ಬರಿ ಎಣ್ಣೆಯನ್ನು ಮನೆಮಾತಾಗಿಸಿದ್ದು ಡಬ್ಬಿ, ಬಾಟಲಿಯ ವ್ಯಾಪಾರ. ಬಾಂಬೆ ಆಯಿಲ್ ಇಂಡಸ್ಟ್ರೀಸ್‌ನ ಪ್ಯಾರಾಶೂಟ್ ಮೊದಲು ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಪ್ಲಾಸ್ಟಿಕ್‌ಗೆ ಬದಲಿಸಲು ಹೋದಾಗ ಅಂಗಡಿಕಾರರು ಇಲಿಗಳ ಕಾಟ ಎಂದು ತಕರಾರು ತೆಗೆದರು. ಇಲಿಗೆ ಹಲ್ಲೂರಲು ಸಿಗದಂತೆ ದುಂಡನೆಯ ಬಾಟಲಿ ಮಾಡಿ ಕಂಪನಿ ಗೆದ್ದಿತು. 1990ರಲ್ಲಿ ಈ ವ್ಯವಹಾರವೇ ಮ್ಯಾರಿಕೋ ಆಯಿತು. ಇದರ ಬೆನ್ನಿಗೆ ‘ಜಿಡ್ಡಿಲ್ಲದ’ ಎಣ್ಣೆಗಳೂ ಬಂದವು. ಇವುಗಳಲ್ಲಿ ಎಷ್ಟೋ ಬಾಟಲಿಗಳ ಮುಂದೆ ಬಾದಾಮಿಯ ಚಿತ್ರ. ಹಿಂದಿನ ಸಣ್ಣಕ್ಷರದಲ್ಲಿ ಮೊದಲ ಹೆಸರು ಲಘು ದ್ರವ ಪ್ಯಾರಾಫಿನ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ. ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ.

ಈ ಕ್ಷೇತ್ರಕ್ಕೆ ಪ್ರಯೋಗಾಲಯ ಕಾಲಿಟ್ಟ ಮೇಲೆ ಚಿತ್ರ ತಿಳಿಯಾಯಿತು. ಆರತಿ ರೇಳೆ ಮತ್ತು ಆರ್. ಬಿ. ಮೊಹಿಲೆ 2003ರಲ್ಲಿ ‘ಜರ್ನಲ್ ಆಫ್ ಕಾಸ್ಮೆಟಿಕ್ ಸೈನ್ಸ್’ನಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿದರು. ತೊಳೆದು ಬಾಚುವಾಗ ಕೂದಲಿನಿಂದ ಆಗುವ ಪ್ರೋಟೀನ್ ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಒಂದೇ. ಅದರ ಸುಮಾರು ಅರ್ಧದಷ್ಟು ಇರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು; ಎಳೆಯ ಒಳಕ್ಕೆ ನುಸುಳಬಲ್ಲದು. ಸೂರ್ಯಕಾಂತಿಯ ಕೊಬ್ಬಿನಾಮ್ಲ ಬಾಗಿದ, ದೊಡ್ಡ ಅಣು, ಹೊರಗೇ ಉಳಿಯುತ್ತದೆ. ಅದೇ ಲಿನೊಲಿಯಿಕ್ ಆಮ್ಲ ಹೇರಳವಾಗಿರುವ ನಮ್ಮ ಕುಸುಬಿಯೂ ಆ ಜಾತಿಗೇ ಸೇರಿದ್ದು: ಮೇಲೆ ಹೊಳಪು ಕೊಡುತ್ತದೆ, ಒಳಗೆ ಇಳಿಯುವುದಿಲ್ಲ. ಅಧ್ಯಯನ ಮಾಡಿದವರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೋದವರೇ ಎಂಬುದನ್ನು ನೆನಪಿಟ್ಟೇ ಓದಬೇಕು. ಆದರೂ ವಿವರಣೆ ರಸಾಯನಶಾಸ್ತ್ರಕ್ಕೆ ಒಪ್ಪುತ್ತದೆ.

ಗಮನಿಸಬೇಕಾದ ಸಂಗತಿ, ಇದೆಲ್ಲ ಇರುವ ಕೂದಲು ತುಂಡಾಗದಂತೆ ಕಾಯುವ ಕತೆ. ಚರ್ಮದಿಂದ ಹೊರಬಂದ ಎಳೆ ನಿರ್ಜೀವ. ಬೆಳವಣಿಗೆ ನಡೆಯುವುದು ಚರ್ಮದೊಳಗಿನ ಬುಡದಲ್ಲಿ, ತಿಂಗಳಿಗೆ ಸುಮಾರು 1 ಸೆಂ.ಮೀ.ನಂತೆ. ತುಂಡಾಗದ ಕೂದಲು ಉದ್ದ ಕಾಣುತ್ತದೆ. ಅಜ್ಜಿಯ ನಂಬಿಕೆಗೆ ಅಷ್ಟು ಸಾಕ್ಷಿ ಸಾಕಾಗಿತ್ತು.

ಬುಡದ ಮಾತಿಗೆ ಬಂದರೆ ಪುರಾವೆ ತೆಳ್ಳಗಾಗುತ್ತದೆ. 2008ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಗರಗದ ಸಾರ ಹಚ್ಚಿದಾಗ ಕೂದಲು ಬೇಗ ಚಿಗುರಿತು. ಚಿಗುರಿದ್ದು ಬೋಳಿಸಿದ ಬಿಳಿ ಇಲಿಗಳ ಬೆನ್ನ ಮೇಲೆ, ಹಚ್ಚಿದ್ದು ದ್ರಾವಕದಿಂದ ತೆಗೆದ ಸಾರ, ಒಲೆಯ ಮೇಲೆ ಕಾಸಿದ ಎಣ್ಣೆಯಲ್ಲ. 1998ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ, ಬಿಲ್ಲೆಬಿಲ್ಲೆಯಾಗಿ ಕೂದಲು ಹೋಗುವ ಕಾಯಿಲೆಯ 86 ಮಂದಿಯ ಮೇಲೆ ಥೈಮ್, ರೋಸ್‌ಮೇರಿ, ಲ್ಯಾವೆಂಡರ್, ಸೀಡರ್‌ವುಡ್ ತೈಲಗಳ ಮಿಶ್ರಣವನ್ನು ಪರೀಕ್ಷಿಸಿದರು. ತೈಲದ ಗುಂಪಿನಲ್ಲಿ 44%, ಆ ತೈಲಗಳಿಲ್ಲದ ಇನ್ನೊಂದರಲ್ಲಿ 15% ಮಂದಿಗೆ ಗುಣ ಕಂಡಿತು. ಇಂದಿನ ರೋಸ್‌ಮೇರಿ ಗುಲ್ಲಿಗೆ ಮೂಲ 2015ರ ಇರಾನಿನ ಅಧ್ಯಯನ: 100 ಮಂದಿ, ಅರ್ಧಕ್ಕೆ ರೋಸ್‌ಮೇರಿ, ಅರ್ಧಕ್ಕೆ ಕೂದಲು ಬೆಳೆಸುವ ಮದ್ದಾದ 2% ಮಿನಾಕ್ಸಿಡಿಲ್, 6 ತಿಂಗಳ ಕೊನೆಗೆ ಎರಡೂ ಸಮ. ಏನೂ ಹಚ್ಚದ ಗುಂಪು ಅಲ್ಲಿರಲಿಲ್ಲ ಎಂಬುದು ರೀಲ್ಸ್‌ನಲ್ಲಿ ಬರುವುದಿಲ್ಲ. ಔಡಲಕ್ಕೆ ಇಷ್ಟೂ ಇಲ್ಲ. 2022ರ ಒಂದು ಸಮೀಕ್ಷೆ ಅದಕ್ಕೆ ಹೊಳಪಿನ ವಿಷಯದಲ್ಲಷ್ಟೇ ದುರ್ಬಲ ಬೆಂಬಲ ಕೊಟ್ಟಿತು. ಅದರ ಅಂಟು ಎಷ್ಟೆಂದರೆ, ಔಡಲ ಮತ್ತು ಕೊಬ್ಬರಿ ಎಣ್ಣೆ ಹಚ್ಚಿ ಎರಕೊಂಡ ಯುವತಿಯೊಬ್ಬಳ ಉದ್ದ ಕೂದಲು ಬಿಡಿಸಲಾಗದಂತೆ ಜಡೆಗಟ್ಟಿ, ಕತ್ತರಿಸಬೇಕಾದ ಪ್ರಕರಣ 2017ರಲ್ಲಿ ಭಾರತದಿಂದಲೇ ವರದಿಯಾಗಿದೆ.

ತಲೆಹೊಟ್ಟಿಗೆ ಎಣ್ಣೆ ಮದ್ದು ಎಂಬ ನಂಬಿಕೆಯೂ ತಿರುಗುಬಾಣವೇ. ಹೊಟ್ಟಿಗೆ ಕಾರಣವಾಗುವ ಮಲಾಸೆಜಿಯಾ ಶಿಲೀಂಧ್ರದ ಆಹಾರವೇ ಕೊಬ್ಬಿನಾಮ್ಲ. ಡೆಂಗಿ, ಟೈಫಾಯ್ಡ್, ಹೆರಿಗೆ ಆಗಿ ಎರಡು-ಮೂರು ತಿಂಗಳಿಗೆ ಕೂದಲು ಉದುರಿ ತಾನಾಗಿಯೇ ಮರಳುವುದುಂಟು. ಆ ಹೊತ್ತಿಗೆ ಕೈಗೆ ಸಿಕ್ಕ ಎಣ್ಣೆಗೆ ಪುಕ್ಕಟೆ ಕೀರ್ತಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದ ಉದುರುತ್ತಿದ್ದರೆ ಎಣ್ಣೆಗೆ ಮೊದಲು ರಕ್ತಪರೀಕ್ಷೆ ಬೇಕು.

ಈಚಿನ ಅಧ್ಯಾಯ ಬರೆದವರು ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳು. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತ ಮೇಲೆ ಮೂಲಿಕೆ, ಎಣ್ಣೆ ಮಾರುತ್ತ ದೇಶ ಸುತ್ತಿದ ಜನ. 2023ರಲ್ಲಿ ಸುಡಾನಿನ ಯುದ್ಧದಲ್ಲಿ ಹಕ್ಕಿಪಿಕ್ಕಿ ಸಮುದಾಯದ 30ಕ್ಕೂ ಹೆಚ್ಚು ಮಂದಿ ಸಿಲುಕಿದಾಗ ನಾಡು ಅವರತ್ತ ನೋಡಿತು. 108 ಮೂಲಿಕೆಗಳೆಂದು ಸಾರುವ ಅವರ ‘ಆದಿವಾಸಿ ಹೇರ್ ಆಯಿಲ್’ ಮೊಬೈಲಿನ ಮೂಲಕ ಮನೆಮನೆ ತಲುಪಿದೆ. ಬೇಟೆ ಕಳಕೊಂಡ ಸಮುದಾಯದ ಈ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. 108ರ ಲೆಕ್ಕವನ್ನು ಮೆಚ್ಚಲಾರೆ.

ಕಾನೂನಿಗೂ ಈ ಎಣ್ಣೆ ತಲೆನೋವೇ. 1945ರ ಔಷಧ ನಿಯಮಗಳ ‘ಜೆ’ ಪರಿಶಿಷ್ಟದಲ್ಲಿ, ಗುಣಪಡಿಸುತ್ತೇವೆಂದು ಔಷಧಗಳು ಹೇಳಿಕೊಳ್ಳಬಾರದ ಕಾಯಿಲೆಗಳ ನಡುವೆ ಬೋಳುತಲೆ, ಹೊಸ ಕೂದಲು ಬೆಳೆಸುವುದು ಎರಡೂ ಇವೆ. ತೆರಿಗೆಯವರ ಪ್ರಶ್ನೆ ಬೇರೆ: ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ತಿನ್ನುವುದೋ ಹಚ್ಚುವುದೋ? 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲೇ ಒಮ್ಮತ ಬರಲಿಲ್ಲ. 2024ರ ಡಿಸೆಂಬರ್‌ನಲ್ಲಿ ತ್ರಿಸದಸ್ಯ ಪೀಠ ತಿನ್ನುವ ಎಣ್ಣೆ ಎಂದಿತು. ಮರುವರ್ಷ ತಲೆಗೆಣ್ಣೆಯ ಜಿಎಸ್‌ಟಿಯೂ 18%ರಿಂದ 5%ಕ್ಕೆ ಇಳಿದು ಜಗಳದ ಬಿಸಿ ಆರಿತು.

ಗರಗದ ಎಣ್ಣೆಯ ನಿಜ ತಿಳಿಯಲು ದೂರ ಹೋಗಬೇಕಿಲ್ಲ. ಸೊಪ್ಪಿಗೆ ಮುಗದದಂಥ ಭತ್ತದ ಸೀಮೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜು, ಹುಬ್ಬಳ್ಳಿಯಲ್ಲಿ ಆಯುರ್ವೇದ ಮಹಾವಿದ್ಯಾಲಯ ಇವೆ. ನೂರು ಮಂದಿ, ಆರು ತಿಂಗಳು, ಅರ್ಧಕ್ಕೆ ಬರೀ ಕೊಬ್ಬರಿ ಎಣ್ಣೆ, ಅರ್ಧಕ್ಕೆ ಗರಗ ಹಾಕಿ ಕಾಸಿದ್ದು. ಎರಡು ಗುಂಪಿಗೂ ಒಂದೇ ಬಣ್ಣ, ಒಂದೇ ವಾಸನೆಯ ಬಾಟಲಿ ಕೊಡುವುದಷ್ಟೇ ತುಸು ಕಷ್ಟ.